ಮಲಾವಿಗೆ ಹೊರಟ ಡಾಕ್ಟರ್ ತಂಗಿಗೆ

ಜಮಖಂಡಿ

ಚಿರಂಜೀವಿ ತಂಗೀ,



ನೀನು ಹೌಸ್‌ಸರ್ಜನ್ಸಿ ಮುಗಿಸಿದ್ದು, ಆಫ್ರಿಕಾದ ಮಲಾವಿ ದೇಶದಲ್ಲಿ ಒಂದು ಹಳ್ಳಿಯ ಮಿಷನ್ ಆಸ್ಪತ್ರೆಗೆ ಮೂರು ವಾರದ ಸೇವೆಗೆಂದು ಹೆಸರು ಕೊಟ್ಟದ್ದು, ಎರಡನ್ನೂ ನಿಮ್ಮವ್ವ ಬನಹಟ್ಟಿಯಿಂದ ಫೋನ್ ಮಾಡಿ ಹೇಳಿದಳು. ಅವಳಿಗೆ ಹೆದರಿಕೆ, ನಿಮ್ಮಪ್ಪನಿಗೆ ಹೆಮ್ಮೆ. ನೀವೇನಂತೀರಿ ಅಂತ ಇಬ್ಬರೂ ಕೇಳಿದರು. ಹೋಗುವವಳು ನೀನು, ಆದ್ದರಿಂದ ಹೇಳುವುದನ್ನು ನಿನಗೇ ಹೇಳುತ್ತೇನೆ. ರಬಕವಿ, ಮುಧೋಳ, ಬೀಳಗಿ ಕಡೆ ಡಾಕ್ಟರು, ನರ್ಸು ಓದುವ ಮಕ್ಕಳು ಈಗ ಬೇಕಾದಷ್ಟು ಇದ್ದಾರೆ. ಅವರಿಗೂ ಉಪಯೋಗವಾದೀತೆಂದು ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಹೋಗು. ಆದರೆ ಮೂರು ವಾರಕ್ಕೆ ಹೋಗಬೇಡ, ಈ ವರ್ಷವೂ ಹೋಗಬೇಡ. ಹೀಗೆ ಯಾಕೆ ಅನ್ನುತ್ತೇನೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗುತ್ತದೆ.

ನಮ್ಮ ಸೀಮೆಯ ಮಂದಿ ಪರದೇಶಕ್ಕೆ ಹೋಗಿ ಸೇವೆ ಮಾಡುವುದು ಈಚಿನ ಮಾತು. ಪರದೇಶದವರು ಬಂದು ಮಾಡಿದ ಸೇವೆಯನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಪಡೆದವರು ನಾವು. ಕಣ್ಣಿನ ಪೊರೆಯೋ ಹೊಟ್ಟೆಯ ಗಡ್ಡೆಯೋ, ಇಲ್ಲಿ ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಹಿರಿಯರು ಕುಡಚಿಯಲ್ಲಿ ರೈಲು ಹತ್ತಿ ಮಿರಜದ ದಾರಿ ಹಿಡಿಯುತ್ತಿದ್ದರು. ನನ್ನ ಅಜ್ಜಿಯ ಕಣ್ಣು ಅಲ್ಲೇ ಬಂದದ್ದು. ನಾನು ನರ್ಸಿಂಗ್ ಕಲಿತದ್ದೂ ಮಿರಜದಲ್ಲೇ. ಮಹಾರಾಷ್ಟ್ರದ ಊರಾದರೂ ವಾರ್ಡಿನ ತುಂಬ ನಮ್ಮ ಮಾತೇ ಕೇಳುತ್ತಿತ್ತು. ಜಮಖಂಡಿ, ಅಥಣಿ, ತೇರದಾಳ, ಮುಧೋಳದ ಮಂದಿ ಬುತ್ತಿ ಕಟ್ಟಿಕೊಂಡು ಬಂದು ವಾರಗಟ್ಟಲೆ ಅಲ್ಲಿ ಇರುತ್ತಿದ್ದರು.

ಆ ದವಾಖಾನೆ ಕಟ್ಟಿದ ವಿಲಿಯಂ ಜೇಮ್ಸ್ ವಾನ್‌ಲೆಸ್ ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿದವರು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ 1889ರಲ್ಲಿ ಅವರನ್ನು ಇಲ್ಲಿಗೆ ಕಳಿಸಿತು. ಬಂದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ, ಅಂದರೆ ಈಗಿನ ನಿನ್ನ ವಯಸ್ಸೇ. ಆಸ್ಪತ್ರೆ ಶುರುವಾದದ್ದು 1894ರಲ್ಲಿ. ಮೂರೇ ವರ್ಷಕ್ಕೆ, 1897ರಲ್ಲಿ, ಈ ನೆಲದ ಹುಡುಗರಿಗೆ ವೈದ್ಯಕೀಯ ಕಲಿಸುವ ಶಾಲೆ ತೆರೆದರು. 1900ರಲ್ಲಿ ಕುಷ್ಠರೋಗಿಗಳಿಗೊಂದು ನೆಲೆ, 1920ರಲ್ಲಿ ಕ್ಷಯದ ಆಸ್ಪತ್ರೆ. ಆ ಕ್ಷಯದ ಆಸ್ಪತ್ರೆಯ ಸುತ್ತ ಬೆಳೆದ ಜಾಗಕ್ಕೆ ಇವತ್ತಿಗೂ ವಾನ್‌ಲೆಸ್‌ವಾಡಿ ಅಂತಲೇ ಹೆಸರು. 1928ರಲ್ಲಿ ಅವರು ಕೆಲಸದಿಂದ ಬಿಡುಗಡೆ ಪಡೆಯುವ ಹೊತ್ತಿಗೆ ಸುಮಾರು ನಲವತ್ತು ವರ್ಷ ಈ ಸೀಮೆಯಲ್ಲೇ ಕಳೆದುಹೋಗಿತ್ತು.

ಅವರು ಧರ್ಮಪ್ರಚಾರದ ಉದ್ದೇಶವನ್ನೂ ಇಟ್ಟುಕೊಂಡೇ ಬಂದವರು. ಅದನ್ನು ಮುಚ್ಚಿಡುವ ಕಾರಣವಿಲ್ಲ. ನಮ್ಮ ಹಿರಿಯರಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಹೋದರು. ನಾನು ನಿನಗೆ ತೋರಿಸಬೇಕೆಂದಿರುವುದು ಆ 1897ರ ಶಾಲೆಯನ್ನು. ಆಪರೇಷನ್ನಿಗೆ ಮಂದಿ ಸಾಲುಗಟ್ಟಿ ನಿಂತಿರುವಾಗ, ಕೈಯಲ್ಲಿ ಕತ್ತರಿ ಹಿಡಿದ ಡಾಕ್ಟರಿಗೆ ಪಾಠ ಹೇಳಲು ಎಲ್ಲಿಯ ಬಿಡುವು? ಆದರೂ ಅವರು ಬಿಡುವು ಮಾಡಿಕೊಂಡರು. ಅವರ ಬಳಿ ಕಲಿತವರು ಸುತ್ತಿನ ಊರುಗಳಿಗೆ ಹೋಗಿ ಕೂತರು. ಒಬ್ಬನೇ ಎಷ್ಟು ಕಣ್ಣು ತೆರೆಸಿದ ಅನ್ನುವ ಲೆಕ್ಕಕ್ಕಿಂತ, ಅವನು ಹೋದ ಮೇಲೂ ಆ ಊರಲ್ಲಿ ಕಣ್ಣು ತೆರೆಸುವವರು ಇದ್ದರೇ ಅನ್ನುವ ಲೆಕ್ಕ ನನಗೆ ದೊಡ್ಡದು. ನೀನು ಹೋಗುವ ಆಸ್ಪತ್ರೆಯನ್ನೂ, ನಿನ್ನ ಕೆಲಸವನ್ನೂ ಇದೇ ಅಳತೆಯಿಂದ ಅಳೆ.

ಇದಕ್ಕೆ ಉಲ್ಟಾ ಆದದ್ದನ್ನೂ ಕಂಡಿದ್ದೇನೆ. ನಾನು ಕೆಲಸದಲ್ಲಿದ್ದ ಒಂದು ಕಡೆ ದೂರದ ಊರಿನಿಂದ ಒಂದು ತಂಡ ಬಂದು ಆಪರೇಷನ್ ಕ್ಯಾಂಪ್ ಮಾಡಿತು. ಒಳ್ಳೆಯ ಡಾಕ್ಟರುಗಳು, ಕೈ ಚುರುಕು. ಸಂಜೆ ಸತ್ಕಾರ ಆಯಿತು, ಹಾರ ಹಾಕಿದರು, ಫೋಟೋ ತೆಗೆದರು, ರಾತ್ರಿಯೇ ಗಾಡಿ ಬಿಟ್ಟಿತು. ಮೂರನೆಯ ದಿನ ಒಬ್ಬ ಮುದುಕ ಗಾಯದಲ್ಲಿ ಕೀವು ತುಂಬಿಕೊಂಡು ಬಂದ. ಕೇಸ್ ಪೇಪರ್ ತೆಗೆದು ನೋಡಿದರೆ ಹೆಸರು, ವಯಸ್ಸು, ಒಂದು ಸಹಿ. ಒಳಗೆ ಏನು ಮಾಡಿದ್ದಾರೆ, ಯಾವ ಹೊಲಿಗೆ ಹಾಕಿದ್ದಾರೆ, ಯಾವ ಔಷಧ ಕೊಟ್ಟಿದ್ದಾರೆ, ಒಂದಕ್ಷರ ಇಲ್ಲ. ಮುದುಕ ಉಳಿದ. ಆದರೆ ಆ ರಾತ್ರಿ ನಾವು ನರ್ಸುಗಳು, ಡ್ಯೂಟಿಯಲ್ಲಿದ್ದ ಒಬ್ಬ ಎಳೆಯ ಡಾಕ್ಟರು ಪಟ್ಟ ಪಾಡು ಆ ತಂಡಕ್ಕೆ ಯಾವತ್ತೂ ತಿಳಿಯಲಿಲ್ಲ. ಅವರ ಲೆಕ್ಕದಲ್ಲಿ ಕ್ಯಾಂಪ್ ಯಶಸ್ವಿಯಾಗಿತ್ತು.

ಮೂರು ವಾರ ಬೇಡ ಅನ್ನುವುದು ಇದಕ್ಕೇ. ಮೊದಲ ವಾರ ನಿನಗೆ ಔಷಧದ ಕಪಾಟು ಎಲ್ಲಿದೆ ಅಂತ ತಿಳಿಯುವುದರಲ್ಲಿ ಕಳೆಯುತ್ತದೆ. ಎರಡನೆಯ ವಾರ ಕೈ ಹತ್ತುತ್ತದೆ. ಮೂರನೆಯ ವಾರ ಗಂಟು ಕಟ್ಟಬೇಕು. ನಿನಗೆ ದಾರಿ ತೋರಿಸಲು ನಿಂತ ನರ್ಸಿನ ವಾರವನ್ನೂ ನೀನೇ ತಿಂದಿರುತ್ತೀ. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ. ಪರಿಣತ ಸರ್ಜನ್ ಒಬ್ಬರು ತಮ್ಮದೇ ತಂಡ ಕಟ್ಟಿಕೊಂಡು, ವರ್ಷವರ್ಷವೂ ಅದೇ ಆಸ್ಪತ್ರೆಗೆ ಹೋಗಿ, ಅಲ್ಲಿಯವರಿಗೆ ಕೈ ಹಿಡಿದು ಕಲಿಸುತ್ತಾರೆಂದರೆ ಎರಡು ವಾರವೂ ಸಾರ್ಥಕ. ನೀನು ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ದ್ವಾರಕಾನಾಥ ಕೋಟ್ನಿಸ್ ಅವರ ಹೆಸರು ಕೇಳಿರಬೇಕು. ನಮ್ಮಿಂದ ದೂರದವರೇನಲ್ಲ, ಸೊಲ್ಲಾಪುರದವರು. ನಿಮ್ಮ ರಬಕವಿ-ಬನಹಟ್ಟಿಯ ಹಾಗೆ ಅದೂ ಮಗ್ಗದ, ಗಿರಣಿಯ ಊರು. ಮನೆಮಾತು ಯಾವುದೇ ಇರಲಿ, ಪೇಟೆಯಲ್ಲಿ ಕನ್ನಡ ನಡೆಯುವ ಊರು. ಜಪಾನು ಚೀನಾದ ಮೇಲೆ ಬಿದ್ದ ಮರುವರ್ಷ, 1938ರಲ್ಲಿ, ನಮ್ಮ ಕಾಂಗ್ರೆಸ್ಸು ಐವರು ಡಾಕ್ಟರುಗಳ ತಂಡವನ್ನು ಅಲ್ಲಿಗೆ ಕಳಿಸಿತು. ಮುಂಬಯಿಯಲ್ಲಿ ಓದು ಮುಗಿಸಿದ್ದ ಕೋಟ್ನಿಸ್ ಅದರಲ್ಲಿ ಒಬ್ಬರು, ವಯಸ್ಸು ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ತಂದೆ ತೀರಿಕೊಂಡ ಸುದ್ದಿ ಚೀನಾದಲ್ಲಿದ್ದಾಗ ಬಂತು, ಅವರು ಮರಳಲಿಲ್ಲ. ಉಳಿದ ನಾಲ್ವರು ಒಬ್ಬೊಬ್ಬರಾಗಿ ಊರಿಗೆ ಬಂದರು, ಇವರು ಅಲ್ಲೇ ನಿಂತರು.

ಅವರ ಕತೆಯ ಸಿನಿಮಾ ನೋಡಿದವರು ನೆನಪಿಟ್ಟುಕೊಳ್ಳುವುದು ನಿದ್ದೆಯಿಲ್ಲದೆ ಮಾಡಿದ ಆಪರೇಷನ್ನುಗಳನ್ನು. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ. ಅವರು ಚೀನೀ ಭಾಷೆ ಕಲಿತರು, ಅದೇ ಭಾಷೆಯಲ್ಲಿ ಅಲ್ಲಿಯ ಹುಡುಗರಿಗೆ ವೈದ್ಯಕೀಯ ಪಾಠ ಹೇಳಿದರು, ಅವರಿಗಾಗಿ ಶಸ್ತ್ರಚಿಕಿತ್ಸೆಯ ಪುಸ್ತಕ ಬರೆಯಲು ಕೂತರು. 1941ರ ಜನವರಿಯಲ್ಲಿ ಅಲ್ಲಿಯವರೇ ಅವರನ್ನು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರನ್ನಾಗಿ ಮಾಡಿದರು. ಆಸ್ಪತ್ರೆ ಅಂದರೆ ಹಳ್ಳಿಯ ಮನೆಗಳಲ್ಲೇ ಹಾಸಿಗೆ ಹಾಕಿ ನಡೆಸಿದ್ದು. ಅಲ್ಲಿಯ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು, ಮೂವತ್ತೆರಡಕ್ಕೇ, ಮೂರ್ಛೆರೋಗದಿಂದ ತೀರಿಕೊಂಡರು. ಅಂಥ ತ್ಯಾಗ ಮಾಡು ಅಂತ ನಾನು ಯಾವ ಮಗಳಿಗೂ ಹೇಳಲಾರೆ. ನಿಮ್ಮವ್ವನ ಹೆದರಿಕೆಯೂ ಇದೇ ತಾನೇ? ಆದರೆ ಭಾಷೆ ಕಲಿತು ಹೋಗು ಅಂತ ಖಂಡಿತ ಹೇಳಬಲ್ಲೆ. ಮಲಾವಿಯ ಹೆಚ್ಚಿನ ಕಡೆ ಚಿಚೇವಾ ಮಾತಾಡುತ್ತಾರೆ. ಈಗಿನ ಕಾಲಕ್ಕೆ ಮೊಬೈಲಿನಲ್ಲೇ ಕಲಿಯಬಹುದು. 'ಮುಲಿ ಬ್ವಾಂಜಿ' ಅಂತ ಕ್ಷೇಮ ಕೇಳುವಲ್ಲಿ ನಿಲ್ಲಬೇಡ. ನೋವು ಎಲ್ಲಿ, ಯಾವಾಗಿಂದ, ಮಗು ಹಾಲು ಕುಡಿಯಿತೇ, ಉಚ್ಚೆ ಹೊಯ್ದಿತೇ, ಇವಿಷ್ಟನ್ನಾದರೂ ಕೇಳಲು, ಉತ್ತರ ಬಂದರೆ ತಿಳಿಯಲು ಬರಬೇಕು.

ಇನ್ನು ಅಲ್ಲಿಯವರು ಬಡವರು, ನಾವು ಕಲಿತವರು ಅನ್ನುವ ಭಾವನೆ. ಇದನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಹೋಗು. ಮುಧೋಳದಲ್ಲಿ ನಾನು ಕೆಲಸ ಮಾಡಿದ ಕಾಲದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಆಗ ಎಚ್‌ಐವಿ ಹಳ್ಳಿಹಳ್ಳಿಗೆ ಹಬ್ಬಿತ್ತು. ಕೆನಡಾದ ಮನಿಟೋಬ ವಿಶ್ವವಿದ್ಯಾಲಯದವರು ನಮ್ಮವರ ಜೊತೆ ಸೇರಿ 2003ರಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ, ಜಿಲ್ಲೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರ ರಕ್ತದಲ್ಲಿ ವೈರಸ್ ಸಿಕ್ಕಿತು. ಹೆಣ್ಣುಮಕ್ಕಳನ್ನು ಲೈಂಗಿಕ ವೃತ್ತಿಗೆ ತಳ್ಳುತ್ತಿದ್ದ ದೇವದಾಸಿ ಬಿಡುವ ಪದ್ಧತಿ 1982ರ ಕಾನೂನಿನಿಂದ ಅಪರಾಧವಾಗಿತ್ತು, ಆದರೆ ಅದರ ನೆರಳು ಹೋಗಿರಲಿಲ್ಲ. ವೈರಸ್ ಹತೋಟಿಯಲ್ಲಿಡುವ ಸರಕಾರದ ಉಚಿತ ಎಆರ್‌ಟಿ ಗುಳಿಗೆ ದೇಶದಲ್ಲಿ ಶುರುವಾದದ್ದೇ 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ವಾರ್ಡಿನಲ್ಲಿ ನಾವು ಮಾಡಬಹುದಾಗಿದ್ದದ್ದು ಬಾಯಿಗೆ ನೀರು ಬಿಡುವುದು, ಹುಣ್ಣು ತೊಳೆಯುವುದು, ಮುಟ್ಟಲು ಹೆದರುವ ಮನೆಯವರೆದುರು ಮುಟ್ಟಿ ತೋರಿಸುವುದು. ಕೆನಡಾದವರು ಬಂದರು, ಲೆಕ್ಕ ಹಾಕಿದರು, ಕಲಿಸಿದರು. ಆದರೆ ಕೆಲಸ ಎತ್ತಿದವರು ನಮ್ಮ ಹೆಣ್ಣುಮಕ್ಕಳು. ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಅಂತ ಲೈಂಗಿಕ ವೃತ್ತಿಯ ಮಹಿಳೆಯರೇ ಕಟ್ಟಿಕೊಂಡರು. ತಮ್ಮಂಥವರ ಮನೆ ಬಾಗಿಲಿಗೆ ತಾವೇ ಹೋದರು, ಕೈ ಹಿಡಿದು ದವಾಖಾನೆಗೆ ಕರೆತಂದರು. ಯಾವ ಪರದೇಶದ ಡಾಕ್ಟರಿಗೂ ಆ ಬಾಗಿಲು ಬಡಿಯಲು ಆಗುತ್ತಿರಲಿಲ್ಲ. ನಾನೂ ಬಡಿಯಲಾರದೆ ಹೋದ ಬಾಗಿಲುಗಳವು.

ಅದೇ ರೋಗದ ವಿಷಯದಲ್ಲಿ ಮಲಾವಿ ಏನು ಮಾಡಿತು ಗೊತ್ತೇ? ಗರ್ಭಿಣಿಯರಿಗೆ ಎಚ್‌ಐವಿ ಇದ್ದರೆ ರಕ್ತದಲ್ಲಿನ ಸಿಡಿ4 ಕಣಗಳ ಎಣಿಕೆ ನೋಡಿ, ಇಂತಿಷ್ಟಕ್ಕಿಂತ ಕಡಿಮೆ ಇದ್ದರೆ ಮಾತ್ರ ಜೀವನಪೂರ್ತಿ ಗುಳಿಗೆ ಅನ್ನುವುದು ಆಗಿನ ಲೋಕದ ನಿಯಮ. ಮಲಾವಿಯ ಹಳ್ಳಿಗಳಲ್ಲಿ ಆ ಎಣಿಕೆಯ ಯಂತ್ರ ಎಲ್ಲಿಂದ ಬರಬೇಕು? 2011ರಲ್ಲಿ ಅವರು ನಿರ್ಧಾರ ಮಾಡಿದರು: ಯಂತ್ರಕ್ಕೆ ಕಾಯುವುದಿಲ್ಲ, ವೈರಸ್ ಇರುವ ಪ್ರತಿ ಗರ್ಭಿಣಿಗೂ ಅಂದಿನಿಂದಲೇ, ಜೀವನಪೂರ್ತಿ ಗುಳಿಗೆ. ಆಪ್ಷನ್ ಬಿ ಪ್ಲಸ್ ಅಂತ ಹೆಸರಾಯಿತು. ಎರಡು ವರ್ಷಕ್ಕೆ, 2013ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯೇ ಆ ದಾರಿಯನ್ನು ತನ್ನ ಸಲಹೆಯಲ್ಲಿ ಸೇರಿಸಿತು, ಆಮೇಲೆ ನಮ್ಮ ದೇಶವೂ ಹಿಡಿಯಿತು. ಜಮಖಂಡಿ, ಮುಧೋಳದ ಎಷ್ಟೋ ಮಕ್ಕಳು ಇವತ್ತು ವೈರಸ್ ಇಲ್ಲದೆ ಹುಟ್ಟುತ್ತಿರುವುದರ ಹಿಂದೆ ಮಲಾವಿಯವರ ಆ ಧೈರ್ಯದ ಪಾಲೂ ಇದೆ. ಆ ದೇಶಕ್ಕೆ ನೀನು ಹೋಗುವಾಗ ಈ ಋಣ ನೆನಪಿರಲಿ.

ಅಲ್ಲಿ ವಾರ್ಡು ನಡೆಸುವವರು ನರ್ಸುಗಳು ಮತ್ತು ಕ್ಲಿನಿಕಲ್ ಆಫೀಸರುಗಳು. ಎಂಬಿಬಿಎಸ್ ಓದಿದವರಲ್ಲ, ಅದಕ್ಕಿಂತ ಕಡಿಮೆ ಅವಧಿಯ ತರಬೇತಿ ಪಡೆದವರು. ಆದರೆ ಆ ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಸೇರಿಯನ್ನುಗಳನ್ನು ಹೆಚ್ಚಾಗಿ ಮಾಡುವವರು ಅವರೇ. ನಿನ್ನ ಡಿಗ್ರಿ ಅವರದ್ದಕ್ಕಿಂತ ಉದ್ದ ಇರಬಹುದು. ಅವರ ಕೈ ನಿನ್ನದಕ್ಕಿಂತ ಪಳಗಿದೆ. ಅವರ ಕೆಳಗೆ ಕೆಲಸ ಮಾಡು. ನಿಮ್ಮ ಮನೆಯಲ್ಲಿ ಹೊಸ ಹಾಸು ಬಂದಾಗ ಮಗ್ಗದ ಮೇಲಿರುವ ಹಳೆಯ ಹಾಸಿನ ತುದಿಗೆ ಅದನ್ನು ಎಳೆ ಎಳೆಯಾಗಿ ಗಂಟು ಹಾಕಿ ಕೂಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೀ. ನೀನು ಆ ಆಸ್ಪತ್ರೆಗೆ ಸೇರಿಕೊಳ್ಳಬೇಕಾದದ್ದೂ ಹಾಗೇ.

ಇಲ್ಲಿಯ ತಿಳಿವಳಿಕೆ ಅಲ್ಲಿ ಹಾಗೇ ನಡೆಯುವುದಿಲ್ಲ ಅನ್ನುವುದಕ್ಕೆ ಹಾವಿನ ಕಡಿತ ನೋಡು. ಕಬ್ಬಿನ ಹಂಗಾಮಿನಲ್ಲಿ ನಮ್ಮ ದವಾಖಾನೆಗಳಿಗೆ ಹಾವು ಕಚ್ಚಿದವರು ಬರುವುದು ನಿನಗೆ ಗೊತ್ತು. ನಾವು ಕೊಡುವ ಹಾವಿನ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಎದುರಾಗಿ ಮಾಡಿದ್ದು. ಆಫ್ರಿಕಾದ ಹಾವುಗಳೇ ಬೇರೆ. ಘಾನಾ, ಚಾಡ್ ದೇಶಗಳಲ್ಲಿ ಭಾರತದ ಹಾವಿನ ವಿಷದಿಂದ ತಯಾರಾದ ಇಂಜೆಕ್ಷನ್ ತರಿಸಿ ಬಳಸಿದಾಗ ಕಡಿತದಿಂದ ಸಾಯುವವರ ಸಂಖ್ಯೆ ಏರಿತು. ಬಾಟಲಿಯ ಮೇಲೆ ಹೆಸರು ಸರಿ ಇತ್ತು, ಕೊಟ್ಟವರ ಮನಸ್ಸೂ ಒಳ್ಳೆಯದೇ ಇದ್ದೀತು. ಸಲೈನಿನ ಕತೆಯೂ ಹೀಗೇ. ಉಗಾಂಡ, ಕೀನ್ಯಾ, ಟಾಂಜಾನಿಯಾದಲ್ಲಿ ಜ್ವರದಿಂದ ರಕ್ತಸಂಚಾರ ಕುಗ್ಗಿದ 3,141 ಮಕ್ಕಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಹೊರಬಂತು. ಪುಸ್ತಕ ಹೇಳಿದ ಹಾಗೆ ಬೇಗ ಬೇಗ ಸಲೈನ್ ಏರಿಸಿದ ಮಕ್ಕಳಲ್ಲಿ ಎರಡು ದಿನದೊಳಗೆ ನೂರಕ್ಕೆ ಹತ್ತಕ್ಕೂ ಹೆಚ್ಚು ಸಾವು, ಹಾಗೆ ಏರಿಸದವರಲ್ಲಿ ಏಳರ ಆಸುಪಾಸು. ನೀನು ಅಲ್ಲಿ ಒಂದು ಮಗುವಿನ ಕೈಗೆ ಸೂಜಿ ಚುಚ್ಚುವ ಮೊದಲು ಅಲ್ಲಿಯ ಸಿಸ್ಟರನ್ನು ಕೇಳು. ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಇಲ್ಲಿ ನಿನಗೆ ಒಬ್ಬಳೇ ಮಾಡಲು ಬಿಡದ ಯಾವ ಆಪರೇಷನ್ನನ್ನೂ ಅಲ್ಲಿ ಒಬ್ಬಳೇ ಮಾಡಬೇಡ. ಬಡವರ ಮೈಮೇಲೆ ಕೈ ಪಳಗಿಸಿಕೊಳ್ಳುವುದು ಅನ್ಯಾಯ.

ಈ ವರ್ಷ ಬೇಡ ಅಂದೆನಲ್ಲ, ಈ ವರ್ಷ ಎಲ್ಲಿ ಅಂತ ಕೇಳುತ್ತೀ. ಇಲ್ಲೇ. ಸಕ್ಕರೆ ಕಾರ್ಖಾನೆ ಶುರುವಾದಾಗ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದ ಅಂಚಿಗೆ ಗುಡಿಸಲು ಹಾಕುತ್ತವೆ. ಮರಾಠಿ, ಲಂಬಾಣಿ ಮಾತಿನ ಮಂದಿ. ಬಸುರಿಯರು ಬೆಳಗಿನ ಕತ್ತಲಲ್ಲೇ ಕೋಯ್ತಾ ಹಿಡಿಯುತ್ತಾರೆ, ಹಸುಗೂಸು ಗಾಡಿಯ ನೆರಳಲ್ಲಿ ಮಲಗಿರುತ್ತದೆ. ಲಸಿಕೆಯ ಕಾರ್ಡು ಊರಲ್ಲಿ ಬಿಟ್ಟು ಬಂದಿರುತ್ತಾರೆ. ಅವರಿಗೆ ನಮ್ಮ ದವಾಖಾನೆ ಪರದೇಶ, ನಮಗೆ ಅವರ ಮಾತು ಪರದೇಶ. ಜಮಖಂಡಿಯಲ್ಲಿ ನನ್ನ ಕಡೆಯ ವರ್ಷಗಳಲ್ಲಿ ಹೆರಿಗೆಗೆ ಬಂದ ಒಬ್ಬ ಹುಡುಗಿ, ಹೆಚ್ಚೆಂದರೆ ಹದಿನೆಂಟು, ನನ್ನ ಸೆರಗು ಬಿಡಲೇ ಇಲ್ಲ. ಅವಳಿಗೆ ಬೇಕಾದದ್ದು ಏನೆಂದು ಯಾರಿಗೂ ತಿಳಿಯದು. ಮಿರಜದಲ್ಲಿ ಕಲಿತ ನನ್ನ ಮುರುಕು ಮರಾಠಿಯಲ್ಲಿ ಕೇಳಿದಾಗ ಹೊರಬಂತು: ಹೊರಗೆ ಕೂತ ಅತ್ತೆ ಬೆಳಗಿನಿಂದ ಉಂಡಿಲ್ಲ, ಅವಳಿಗೆ ಊಟ ಎಲ್ಲಿ ಸಿಗುತ್ತದೆ ಹೇಳಿ ಅಂತ. ಆ ಗುಡಿಸಲುಗಳಿಗೆ ಆಶಾ ಕಾರ್ಯಕರ್ತೆಯರ ಜೊತೆ ಒಂದು ಹಂಗಾಮು ಪೂರ್ತಿ ತಿರುಗು.

ಬೀಳಗಿಗೂ ಹೋಗು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮುಳುಗಡೆ ಮಂದಿ ಅಲ್ಲಿ ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆಯ ಮುದುಕರು. ಗುಳಿಗೆ ತಪ್ಪಿಸಿದರು ಅಂತ ಬೈಯುವ ಮುಂಚೆ, ಅವರ ಹೊಲ ಎಲ್ಲಿತ್ತು ಅಂತ ಕೇಳಿ, ಅವರು ಹೇಳಿ ಮುಗಿಸುವ ತನಕ ಕೂಡುವುದನ್ನು ಕಲಿ. ನಮ್ಮ ಸೀಮೆಗೆ ಕೈಕಟ್ಟಿ ಕೂತು ಬೇಡುವ ಚಾಳಿ ಇಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರನ್ನು ಮುಂದಿಟ್ಟುಕೊಂಡು ಚಿಕ್ಕಪಡಸಲಗಿಯಲ್ಲಿ ರೈತರು ತಮ್ಮ ದುಡ್ಡು, ತಮ್ಮ ದುಡಿಮೆ ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ಹೊರಗಿನಿಂದ ಬಂದ ಯಾರಾದರೂ ಇವರಿಗೆ ಏನೂ ತಿಳಿಯದು ಅಂದರೆ ನಿನಗೆ ಸಿಟ್ಟು ಬರುತ್ತದೆ, ಬರಬೇಕು. ಮಲಾವಿಯ ಹಳ್ಳಿಯವರಿಗೂ ಹಾಗೇ ಬರುತ್ತದೆ.

ಕೆಲವು ಕೆಲಸದ ಮಾತು. ಮಲಾವಿಯ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ನೋಂದಣಿ ಕೈಗೆ ಬರುವ ತನಕ ಯಾವ ರೋಗಿಯನ್ನೂ ಮುಟ್ಟಬೇಡ. ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯೇ ನೋಡಿಕೋ. ಮಲೇರಿಯಾ ತಡೆಯುವ ಗುಳಿಗೆ ಹೋಗುವ ಮೊದಲೇ ಶುರು ಮಾಡಿ, ಬಂದ ಮೇಲೂ ಹೇಳಿದಷ್ಟು ದಿನ ಮುಂದುವರಿಸು. ಸೂಜಿ ಚುಚ್ಚಿಕೊಂಡರೆ ತಗೊಳ್ಳುವ ಎಚ್‌ಐವಿ ತಡೆ ಗುಳಿಗೆ 28 ದಿನದ್ದು. ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ಅದು ಆ ಆಸ್ಪತ್ರೆಯ ಕಪಾಟಿನಲ್ಲಿ ಇದೆಯೇ ಅಂತ ಮೊದಲೇ ಕೇಳು. ವಿಮಾನ ಆಡಿಸ್ ಅಬಾಬಾ ಇಲ್ಲವೇ ನೈರೋಬಿ ಮೇಲಿಂದ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೋ, ಇಲ್ಲದಿದ್ದರೆ ಮರಳಿ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದಾರು. ಅವಧಿ ಮೀರಲು ಬಂದ ಔಷಧ, ಬಿಡಿಭಾಗ ಸಿಗದ ಯಂತ್ರ ಯಾರಾದರೂ ದಾನ ಅಂತ ಕೊಟ್ಟರೆ ಹೊತ್ತುಕೊಂಡು ಹೋಗಬೇಡ. ಅಲ್ಲಿಯವರಿಗೆ ಅದನ್ನು ವಿಲೇವಾರಿ ಮಾಡುವ ಕೆಲಸವೊಂದು ಹೆಚ್ಚಾಗುತ್ತದೆ. ನಿನ್ನಿಂದ ಶುಲ್ಕ ಕಟ್ಟಿಸಿಕೊಳ್ಳುವ ಸಂಸ್ಥೆಯಾದರೆ, ಅದರಲ್ಲಿ ಆಸ್ಪತ್ರೆಗೆ ಎಷ್ಟು ಮುಟ್ಟುತ್ತದೆ ಅಂತ ಬರಹದಲ್ಲಿ ಕೇಳು. ರೋಗಿಗಳ, ಅದರಲ್ಲೂ ಮಕ್ಕಳ ಫೋಟೋ ನಿನ್ನ ಮೊಬೈಲಿನಲ್ಲಿ ಒಂದೂ ಇರಬಾರದು.

ಅಲ್ಲಿ ಪ್ರತಿ ರೋಗಿಯ ಜೊತೆ ಮನೆಯವರೊಬ್ಬರು ಇರುತ್ತಾರೆ, ಅವರನ್ನು ಗಾರ್ಡಿಯನ್ ಅನ್ನುತ್ತಾರೆ. ಅಡಿಗೆ ಮಾಡಿ ಉಣ್ಣಿಸುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು ಎಲ್ಲ ಅವರದೇ. ಆಸ್ಪತ್ರೆಯ ಪಕ್ಕದಲ್ಲಿ ಅವರಿಗೆಂದೇ ಒಂದು ಆಸರೆ ಇರುತ್ತದೆ. ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಬೇಯಿಸುತ್ತಿರುತ್ತಾರೆ. ಮಿರಜದಲ್ಲಿ ನಮ್ಮವರು ಸ್ಟೋ ಹಚ್ಚಿಕೊಂಡು ಕೂತಿರುತ್ತಿದ್ದಂಥದೇ ಜಾಗ ನಿನಗೆ ಅಲ್ಲಿ ಸಿಗುತ್ತದೆ. ದಿನಾ ಸಂಜೆ ಸ್ವಲ್ಪ ಹೊತ್ತು ಅಲ್ಲಿ ಹೋಗಿ ಕೂಡು. ರೋಗಿಯ ವಿಷಯ ಕೇಸ್ ಪೇಪರಿನಲ್ಲಿ ಇಲ್ಲದ್ದೆಲ್ಲ ಅಲ್ಲಿ ತಿಳಿಯುತ್ತದೆ. ನೀನು ತಿಳಿದದ್ದನ್ನು ಮತ್ತೆ ಕೇಸ್ ಪೇಪರಿನಲ್ಲಿ ಬಿಡಿಸಿ ಬರೆ, ನಿನ್ನ ನಂತರ ಬರುವವರಿಗೆ ಓದಲು ಬರುವ ಅಕ್ಷರದಲ್ಲಿ.

ಈಗ ನೀನು ಮಾಡಬೇಕಾದದ್ದು, ಆ ಆಸ್ಪತ್ರೆಯ ಮೇಟ್ರನ್‌ಗೆ ಒಂದು ಪತ್ರ ಬರೆಯುವುದು. ಸಂಸ್ಥೆಯವರಿಗಲ್ಲ, ಮೇಟ್ರನ್‌ಗೆ. ಹೋದ ಸಲ ಬಂದ ಸ್ವಯಂಸೇವಕರಿಂದ ನಿಮಗೆ ಯಾವುದು ಉಪಯೋಗವಾಯಿತು, ಯಾವುದು ಹೊರೆಯಾಯಿತು ಅಂತ ಕೇಳು. ಮುಂದಿನ ವರ್ಷ ಬಂದರೆ ಯಾವ ಕೆಲಸ ಕಲಿತು ಬರಬೇಕು, ಯಾರ ಕೈಕೆಳಗೆ ಇರಬೇಕು, ಎಷ್ಟು ತಿಂಗಳು ಇದ್ದರೆ ನಿಮಗೆ ಅನುಕೂಲ ಅಂತ ಕೇಳು. ನೀವೇ ಬರಬೇಡಿ, ನಮ್ಮ ಇಬ್ಬರು ನರ್ಸುಗಳ ಓದಿನ ಖರ್ಚಿಗೆ ಸಹಾಯ ಮಾಡಿ ಅಂದರೆ ಅದನ್ನೂ ಮನಸ್ಸಿನಲ್ಲಿ ಇಟ್ಟುಕೋ. ಉತ್ತರ ಬರಲು ತಡವಾದೀತು. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲ, ಮಲೇರಿಯಾದ ಮಕ್ಕಳಿಂದ ವಾರ್ಡು ತುಂಬಿ ಹೋಗಿರುತ್ತದೆ. ಉತ್ತರ ಬಂದ ದಿನ ಬನಹಟ್ಟಿಯಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಾ, ನಿಮ್ಮವ್ವನನ್ನೂ ಕರಕೊಂಡು ಬಾ. ಕೂತು ಓದೋಣ.

ನಿನ್ನ,
ಸಿಸ್ಟರ್ ದೊಡ್ಡವ್ವ